ಹಲ್ಲಿನ ಬೇರು ತೊಳೆಯುವವನ ಫಜೀತಿಗಳು

ಬಾಯಿ ತೆರೆದು ಕುಳಿತವರ ಮುಂದೆ ಏನಾದರೊಂದು ಫಜೀತಿ ಆಗದೆ ನನ್ನ ಒಂದು ವಾರವೂ ದಾಟಿದ್ದಿಲ್ಲ. ನಾನು ಮುಂಬಯಿಯಲ್ಲಿ ಕಲಿತು ಬಂದು, ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ ಅರಿವೆ ಅಂಗಡಿಯೊಂದರ ಮಾಳಿಗೆಯ ಮೇಲೆ ದವಾಖಾನೆ ತೆಗೆದಾಗ, ಹಲ್ಲಿನ ಡಾಕ್ಟರನೆಂದರೆ ಹಲ್ಲು ಕೀಳುವವನು ಎಂದೇ ಜನ ತಿಳಿದಿದ್ದರು. ನನಗೋ ಹಲ್ಲು ಉಳಿಸುವ ಹುಚ್ಚು. ಒಳಗಿನ ನರ ಸತ್ತು ಬೇರಿನಲ್ಲಿ ಕೀವು ತುಂಬಿದ್ದರೂ ನಾನು ಕೀಳುತ್ತಿರಲಿಲ್ಲ. ಮೇಲಿನಿಂದ ತೂತು ತೆಗೆದು, ಕೂದಲು ಹೋಗುವಷ್ಟೇ ದಾರಿಯಿರುವ ಬೇರಿನ ಕೊಳವೆಯನ್ನು ಔಷಧದಿಂದ ತೊಳೆದು, ಕೊಳೆಯೆಲ್ಲ ಹೋದ ಮೇಲೆ ಮುಚ್ಚುತ್ತಿದ್ದೆ. ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ ಅದು. ಕೀವು ಕರೆಯದೆ ತಿರುಗಿ ಬರುತ್ತಿತ್ತು, ರೋಗಿ ಕರೆದರೂ ತಿರುಗಿ ಬರುತ್ತಿರಲಿಲ್ಲ.

ವಾಸನೆ

ಧಾರವಾಡದ ಮಾಳಮಡ್ಡಿಯಿಂದ ಅತ್ತೆ-ಸೊಸೆ ರೈಲಿನಲ್ಲಿ ಬಂದರು. ಸೊಸೆಯ ಮುಂದಿನ ಹಲ್ಲು ಕಪ್ಪಾಗಿ ತುಟಿ ಬಾತಿತ್ತು. ಅಲ್ಲಿಯ ಡಾಕ್ಟರು "ತಗಸಿಬಿಡ್ರಿ" ಎಂದು ಹೇಳಿ ಕಳಿಸಿದ್ದರು. ಹುಡುಗಿಗೆ ಇಪ್ಪತ್ತೂ ತುಂಬಿರಲಿಲ್ಲ. ಮುಂದಿನ ಹಲ್ಲು ಹೋದರೆ ಜನರ ಮುಂದೆ ನಗುವುದು ಹೇಗೆಂದು ಅತ್ತು ಅತ್ತು ಕಣ್ಣೂ ಬಾತುಕೊಂಡಿದ್ದವು.

ಬೇರು ತೊಳೆದು, ಔಷಧದಲ್ಲಿ ಅದ್ದಿದ ಹತ್ತಿಯ ಸಣ್ಣ ಬತ್ತಿಯನ್ನು ಒಳಗಿಟ್ಟು ಮುಚ್ಚಿ, ಮುಂದಿನ ವಾರ ಬರಹೇಳಿದೆ. ಬಂದರು. ಬೇರು ಸ್ವಚ್ಛವಾಯಿತೋ ಇಲ್ಲವೋ ತಿಳಿಯಲು ನಮಗಿದ್ದ ಉಪಾಯ ಒಂದೇ. ಬತ್ತಿ ಹೊರಗೆ ತೆಗೆದು ಮೂಸಬೇಕು. ಔಷಧದ ವಾಸನೆ ಬಂದರೆ ಹಲ್ಲು ಉಳಿಯಿತು, ನಾತ ಬಂದರೆ ಮತ್ತೆ ಮೊದಲಿನಿಂದ.

ಬತ್ತಿಯನ್ನು ಮೂಗಿನ ಹತ್ತಿರ ಒಯ್ದೆ. ಹುಡುಗಿ ಉಸಿರು ಬಿಗಿಹಿಡಿದಳು. ಒಮ್ಮೆಗೆ ಖಾತ್ರಿಯಾಗದೆ ಇನ್ನೊಮ್ಮೆ ಮೂಸಿದೆ. ಅತ್ತೆಯವರ ಕಣ್ಣು ಅಗಲವಾದವು.

"ಏನ ಮಾಡ್ಲಿಕತ್ತೀರಿ ನೀವು?"

"ವಾಸನಿ ನೋಡ್ಲಿಕತ್ತೇನ್ರಿ. ಒಳಗ ಕೀವು ಉಳದದೋ ಇಲ್ಲೋ ಇದರಿಂದ ತಿಳೀತದ."

"ತಿಳೀತೇನು?"

"ಸ್ವಚ್ಛ ಆಗೇದ್ರಿ. ಹಲ್ಲು ಉಳೀತು."

ಹುಡುಗಿ ಸಂತೋಷಕ್ಕೆ ಬಿಕ್ಕಿ ಬಿಕ್ಕಿ ಅತ್ತಳು. ಅತ್ತೆಯವರು ಸೊಸೆಯನ್ನೂ ನನ್ನನ್ನೂ ನೋಡಿ ಅಂದರು: "ಈಕಿ ಮಾಡಿದ ಹುಳಿ ನಾ ಒಂದು ಸಲ ಮೂಸಿ ನೋಡಿದ್ರ ಎರಡು ದಿನ ನನ್ನ ಜೋಡಿ ಮಾತಾಡೂದಿಲ್ಲ. ನೀವು ಈಕಿ ಹಲ್ಲು ಎರಡೆರಡು ಸಲ ಮೂಸಿದ್ರೂ ಎಷ್ಟು ಖುಷಿ ನೋಡ್ರಿ!"

ಬ್ಯಾಟರಿ

ಕೆಲವು ಬೇರುಗಳು ಬತ್ತಿಗೆ ಬಗ್ಗುತ್ತಿರಲಿಲ್ಲ. ಅವಕ್ಕೆ ಆಗ ವಿದ್ಯುತ್ತಿನ ಉಪಚಾರವಿತ್ತು. ಬೇರಿನೊಳಗೆ ಅಯೋಡಿನ್ ತುಂಬಿ, ಅದರಲ್ಲಿ ತೆಳುವಾದ ಸೂಜಿ ಇಳಿಸಿ, ಬ್ಯಾಟರಿಯ ಒಂದು ತಂತಿಯನ್ನು ಆ ಸೂಜಿಗೆ ಸಿಗಿಸಬೇಕು. ಇನ್ನೊಂದು ತಂತಿಯ ಹಿತ್ತಾಳೆ ಹಿಡಿಕೆ ರೋಗಿಯ ಕೈಯಲ್ಲಿ. ಗುಂಡಿ ಮೆಲ್ಲಗೆ ತಿರುಗಿಸಿದರೆ ಔಷಧ ಮೂಲೆ ಮೂಲೆಗೂ ಇಳಿಯುತ್ತದೆ, ರೋಗಿಗೆ ಬರೇ ಜುಮುಜುಮು. ಗಡಬಡಿಸಿದರೆ ಮಾತ್ರ ಕಷ್ಟ.

ನವಲಗುಂದದ ಕಡೆಯ ಹತ್ತಿ ಬೆಳೆಯುವ ಸಾಹುಕಾರರೊಬ್ಬರು ಬಂದರು. ಹೊಲದ ಸೀಮೆಯ ಜಗಳದಲ್ಲಿ ಜೀವಕ್ಕೆ ಅಂಜಿಕೆಯಿದ್ದುದರಿಂದ ಬಡಿಗೆ ಹಿಡಿದ ಇಬ್ಬರು ಪೈಲವಾನರಿಲ್ಲದೆ ಅವರು ಎಲ್ಲಿಗೂ ಹೋಗುತ್ತಿರಲಿಲ್ಲ. ಇಬ್ಬರೂ ಬಂದು ಕುರ್ಚಿಯ ಆಚೆಗೊಬ್ಬ ಈಚೆಗೊಬ್ಬ ನಿಂತರು.

"ಸ್ವಲ್ಪ ಹೊರಗ ಕೂಡ್ರಿ," ಅಂದೆ.

"ಇಲ್ರಿ. ನಮ್ಮ ಧಣ್ಯಾರನ್ನ ಬಿಟ್ಟು ಹೋಗಾಂಗಿಲ್ಲ."

ಆ ಬಡಿಗೆಗಳ ನಡುವೆ ನಿಂತು ಗುಂಡಿ ತಿರುಗಿಸುವಾಗ ನನ್ನ ಅಂಗೈ ಬೆವತಿತ್ತು. ಬೆರಳು ಜಾರಿತು. ಗುಂಡಿ ಒಮ್ಮೆಲೇ ಮುಂದೆ ಹೋಯಿತು.

"ಅಯ್ಯಯ್ಯಪ್ಪೋ, ಕೊಂದ್ನಲೇ!" ಸಾಹುಕಾರರು ಹಿಡಿಕೆ ಬಿಸುಟು ಕೂಗಿದರು. ಎರಡೂ ಬಡಿಗೆ ನನ್ನ ತಲೆಯ ಮೇಲೆ ಎದ್ದವು. ನಾನು ಕಣ್ಣು ಮುಚ್ಚಿದೆ.

"ತಡೀರ್ಲೇ!" ಸಾಹುಕಾರರು ತೆರೆದ ಬಾಯಿ ತೆರೆದಂತೆಯೇ ಅರಚಿದರು. "ಸೂಜಿ ಇನ್ನೂ ನನ್ನ ಹಲ್ಲಾಗ ಐತಿ! ಅವ್ರು ಅದನ್ನ ತಗದ ಮ್ಯಾಲ ಹೊಡೀರಿ!"

ಆ ಸೂಜಿ ತೆಗೆಯಲು ಹಿಡಿದಷ್ಟು ಹೊತ್ತು ನನಗೆ ಇನ್ನಾವ ಕೆಲಸಕ್ಕೂ ಹಿಡಿದಿಲ್ಲ.

ಖರೇ ಮಾತು

ಇದು ನಲವತ್ತೆರಡರ ಚಳವಳಿಯ ಕಾಲದ್ದು. ಊರೂರಲ್ಲಿ ಚಳವಳಿಗಾರರು ಟೆಲಿಗ್ರಾಫಿನ ತಂತಿ ಕಡಿಯುತ್ತಿದ್ದರು, ಪೊಲೀಸರು ಮನೆಮನೆ ಹೊಕ್ಕು ಹುಡುಕುತ್ತಿದ್ದರು. ಒಂದು ಮುಂಜಾನೆ ಗರಗದ ಕಡೆಯ ಒಬ್ಬರು ಬಂದರು. ಮಾಸ್ತರಿಕೆ ಬಿಟ್ಟು ಚಳವಳಿಗೆ ಇಳಿದವರು. ಎಡಗಲ್ಲ ಬಾತು ಕಣ್ಣು ಮುಚ್ಚಿಹೋಗಿತ್ತು, ಮೈ ಸುಡುತ್ತಿತ್ತು.

"ಡಾಕ್ಟರ, ಸುಳ್ಳು ಹೇಳೂದಿಲ್ಲಂತ ನಾ ವ್ರತ ಹಿಡದೇನಿ. ಪೊಲೀಸರು ನನ್ನ ಹುಡುಕ್ಲಿಕತ್ತಾರ. ಬ್ಯಾಡ ಅಂದ್ರ ಹೊಳ್ಳಿ ಹೋಗ್ತೇನಿ."

ಅಂಥ ಗಲ್ಲ ನೋಡಿ ಹೋಗೆನ್ನಲು ನನಗೆ ಬಾಯಿ ಬರಲಿಲ್ಲ. ಕುರ್ಚಿಯಲ್ಲಿ ಕೂಡ್ರಿಸಿದೆ. ಉಗುಳು ಬೇರಿನೊಳಗೆ ಹೋಗಬಾರದು, ಔಷಧ ಗಂಟಲಿಗೆ ಇಳಿಯಬಾರದು ಎಂದು ಹಲ್ಲಿನ ಸುತ್ತ ರಬ್ಬರಿನ ಹಾಳೆ ಬಿಗಿದು ಬಾಯಿ ಮುಚ್ಚಿದೆ. ಬೇರನ್ನು ಕ್ಲೋರಿನ್ ನೀರಿನಿಂದ ತೊಳೆಯತೊಡಗಿದ್ದೆ. ಅಷ್ಟರಲ್ಲಿ ಕಟ್ಟಿಗೆಯ ಮೆಟ್ಟಿಲ ಮೇಲೆ ಬೂಟಿನ ಸಪ್ಪಳ ಕೇಳಿತು.

ಪರದೆಯ ಸಂದಿಯಿಂದ ನೋಡಿದೆ: ಫೌಜದಾರ, ಹಿಂದೆ ಒಬ್ಬ ಪೊಲೀಸ್ ಪೇದೆ.

"ಎಡಗಲ್ಲ ಬಾತ ಮನಷ್ಯಾ ಒಬ್ಬಾಂವ ಈ ಕಡೆ ಬಂದಾನಂತ ಸುದ್ದಿ ಅದ," ಎಂದು ಫೌಜದಾರರ ದನಿ. ಪೇದೆ ಹೊರಗಿನ ಬೆಂಚಿನ ಮೇಲೆ ಕುಳಿತವರನ್ನೆಲ್ಲ ನೋಡಿ ಅಂದ: "ಸಾಹೇಬ್ರ, ಇಲ್ಲಿ ಎಲ್ಲಾರ್ದೂ ಬಾತಾವ್ರಿ."

ಫೌಜದಾರರು ಪರದೆ ಸರಿಸಿ ಒಳಗೇ ಬಂದರು. ಕುರ್ಚಿಯ ಮುಂದೆ ನಿಂತು ಕೇಳಿದರು: "ಏ, ನಿನ್ನ ಹೆಸರೇನು?"

ಮಾಸ್ತರರು ರಬ್ಬರಿನ ಹಿಂದಿನಿಂದ ಏನೋ ಉಸುರಿದರು. ಉಳಿದವರಿಗೆ ಅದು ಬರೇ ಊಂ, ಆಂ. ವರ್ಷಗಟ್ಟಲೆ ಜನರ ಬಾಯಲ್ಲಿ ಕೈಯಿಟ್ಟುಕೊಂಡೇ ಮಾತಾಡಿಸಿದ ನನಗೆ ಮಾತ್ರ ಅಕ್ಷರ ಅಕ್ಷರವೂ ತಿಳಿಯಿತು. ಆ ಪುಣ್ಯಾತ್ಮ ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಎಲ್ಲ ಹೇಳಿಬಿಟ್ಟಿದ್ದರು!

"ಯಾವ ಊರು?"

"ಅ... ಅ... ಅ." ಗರಗ.

"ತಂತಿ ಕಡದವರಾಗ ನೀ ಇದ್ದಿಯೇನು?"

"ಔಉ! ಆಏ ಅಅಏಇ!" ಹೌದು, ನಾನೇ ಕಡದೇನಿ!

ಫೌಜದಾರರು ನನ್ನ ಕಡೆ ತಿರುಗಿದರು. "ಏನಂತಾನ ಇಂವಾ?"

"ಭಾಳ ನೋವಾಗ್ಲಿಕತ್ತದ, ಲಗೂ ಮುಗಸ್ರಿ ಅಂತಾರ್ರಿ," ಅಂದೆ.

ಮಾಸ್ತರರು ಹಾಗಲ್ಲವೆಂದು ಜೋರಾಗಿ ತಲೆ ಅಲ್ಲಾಡಿಸಿದರು. ಬೆರಳಿನಿಂದ ತಮ್ಮ ಎದೆ ತಟ್ಟಿಕೊಂಡು ಮತ್ತೊಮ್ಮೆ ಹೇಳಲು ಹೊರಟರು. ಫೌಜದಾರರು ಕಿವಿಗೊಟ್ಟು ಬಗ್ಗಿದರು.

ಪಕ್ಕದಲ್ಲಿ ಪೆರಾಕ್ಸೈಡಿನ ಪಿಚಕಾರಿಯಿತ್ತು. ಮುಂದೆ ಹೇಗೂ ಹಾಕಲೇಬೇಕಾದ ಔಷಧ. ಎತ್ತಿ ಬೇರಿಗೆ ಹಾಕಿಯೇಬಿಟ್ಟೆ. ಒಳಗಿದ್ದ ಕ್ಲೋರಿನ್ ನೀರಿಗೆ ಅದು ತಗುಲಿದ್ದೇ ತಡ, ಬುಸ್ಸೆಂದು ನೊರೆ ಎದ್ದು ಕೀವನ್ನೆಲ್ಲ ಹೊತ್ತುಕೊಂಡು ರಬ್ಬರಿನ ಮೇಲೆ ಉಕ್ಕಿತು.

"ಸರೀರಿ ಸಾಹೇಬ್ರ! ಬೇರಿನ್ಯಾಗಿನ ವಿಷ ಹೊರಗ ಬರ್ಲಿಕತ್ತದ! ಮೈಮ್ಯಾಲ ಸಿಡೀತದ!"

ಪೇದೆ ಆಗಲೇ ಅರ್ಧ ಮೆಟ್ಟಿಲು ಇಳಿದಿದ್ದ. ಫೌಜದಾರರು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಅವನ ಹಿಂದೆ ಓಡಿದರು. ಬೂಟಿನ ಸಪ್ಪಳ ಬೀದಿಯಲ್ಲಿ ಕರಗಿತು.

ಬೇರಿಗೆ ಔಷಧದ ಬತ್ತಿ ಇಟ್ಟು ಮುಚ್ಚಿ, ರಬ್ಬರು ಬಿಚ್ಚಿದೆ. ಮಾಸ್ತರರು ಬಾಯಿ ಒರೆಸಿಕೊಂಡು ನನ್ನನ್ನು ದುರುಗುಟ್ಟಿ ನೋಡಿದರು.

"ಏನ ಮಾಡಿದ್ರಿ ಡಾಕ್ಟರ ಇದು? ಅವರು ಕೇಳಿದ್ದಕ್ಕೆಲ್ಲಾ ನಾ ಖರೇನ ಹೇಳಿದೆ. ಸುಳ್ಳು ಹೇಳಿದವರು ನೀವು!"

"ನಿಮ್ಮ ಜೀವಾ ಉಳಸ್ಲಿಕ್ಕಲ್ಲೇನ್ರಿ?"

"ಅದೆಲ್ಲಾ ನಡಿಯೂದಿಲ್ಲ. ಪ್ರಾಯಶ್ಚಿತ್ತ ಆಗಬೇಕು. ಇವತ್ತೊಂದು ದಿನ ಊಟಾ ಬಿಡ್ರಿ."

"ಆಗಲ್ರಿ," ಅಂದೆ. ಹೇಗೂ ಅಂಜಿಕೆಗೆ ನನ್ನ ಹಸಿವೆ ಎಲ್ಲೋ ಹಾರಿಹೋಗಿತ್ತು.

ಹಿಂದಿನ ಮೆಟ್ಟಿಲ ಕಡೆ ನಡೆದವರು ಬಾಗಿಲಲ್ಲಿ ನಿಂತು, ಗಲ್ಲ ಸವರಿಕೊಳ್ಳುತ್ತ ಮೆಲ್ಲಗೆ ಕೇಳಿದರು:

"ಮತ್ತ ಡಾಕ್ಟರ, ನಾ ಊಟಾ ಯಾವಾಗ ಮಾಡ್ಬಹುದು?"