ಏಕಾಂತಪ್ಪನ ಸಾವಿಗೆ ಒಂದು ಹನಿ ಕಣ್ಣೀರು

ನೀವು ಸತ್ತರೂ ನನಗೆ ಅಳು ಬರುವುದಿಲ್ಲ ಎಂದು ಕಟ್ಟಿಕೊಂಡ ಹೆಂಡತಿಯೇ ಹೇಳಿದರೆ ಯಾವ ಗಂಡಸಿಗೆ ತಾನೇ ಹೊಟ್ಟೆ ಉರಿಯುವುದಿಲ್ಲ? ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಟೈಂ ಆಫೀಸಿನ ಗುಮಾಸ್ತನಾಗಿದ್ದ ಏಕಾಂತಪ್ಪನಿಗೂ ಉರಿಯಿತು. (ಸಾಯುವುದು ನಾಟಕದಲ್ಲಿ ಮಾತ್ರ, ಗಾಬರಿಯಾಗಬೇಡಿ.)

ಹೈಸ್ಕೂಲಿನ ಶಿವಯೋಗಪ್ಪ ಮೇಷ್ಟ್ರು ಒಂದು ನಾಟಕ ಬರೆದಿದ್ದರು. ಬೊಂಬಾಯಿಯ ಒಬ್ಬ ಗುಮಾಸ್ತ. ಅವನಿಗೆ ಬಸ್ಸಿಗೆ ಕ್ಯೂ, ನಲ್ಲಿಗೆ ಕ್ಯೂ, ಸಾಹೇಬರ ಬೈಗುಳಕ್ಕೂ ಕ್ಯೂ. ನಿಂತು ನಿಂತು ತಲೆಕೆಟ್ಟು ಕೊನೆಗೆ ಪ್ರಾಣ ಬಿಟ್ಟರೆ ಸ್ಮಶಾನದಲ್ಲೂ ಕ್ಯೂ. ನಗಬೇಕೋ ಅಳಬೇಕೋ ತಿಳಿಯದಂಥ ಆ ನಾಟಕದಲ್ಲಿ ಸಾಯುವ ಭಾಗ್ಯ ಏಕಾಂತಪ್ಪನದಾಗಿತ್ತು.

"ತಲೆಬಿಸಿ ಅಂದ್ರೆ ಏನು ಅಂತ ನಿಮಗೆ ಗೊತ್ತೇನ್ರೀ?" ಎಂದಳು ಜಗದಾಂಬಾ, ರೊಟ್ಟಿ ತಟ್ಟುತ್ತಾ. "ಉಂಡು ಕೈ ತೊಳೆಯೋದ್ರೊಳಗೆ ಗೊರಕೆ ಹೊಡೀತೀರಿ. ನಿಮ್ಮನ್ನ ನೋಡಿ ಯಾರು ಅಳ್ತಾರೆ?"

"ನೀನೇ ಅಳ್ತೀಯ, ನೋಡ್ತಿರು. ನಿನ್ನ ಕಣ್ಣಲ್ಲಿ ಒಂದು ಹನಿ ಬರ್ಲಿಲ್ಲ ಅಂದ್ರೆ ಇನ್ನು ಬಣ್ಣ ಹಚ್ಚೋದಿಲ್ಲ ಮಾರಾಯ್ತಿ."

ಬಾಯಿ ತಪ್ಪಿ ಬಂದ ಭೀಷಣ ಶಪಥ ಅದು. ಬಣ್ಣ ಬಿಟ್ಟರೆ ಆ ಮನುಷ್ಯನಿಗೆ ಬದುಕಿನಲ್ಲಿ ಉಳಿಯುವುದು ಸೆಕೆಂಡ್ ಶಿಫ್ಟು ಒಂದೇ.

ಆ ಶಿಫ್ಟಿನ ವಿಚಾರವನ್ನೂ ಹೇಳಿಬಿಡಬೇಕು. ದಿನಾ ಊಟ ಮುಗಿಸಿ ಏಕಾಂತಪ್ಪ ಅಡ್ಡಾಗುತ್ತಿದ್ದ. ಒಂದೂವರೆಗೆ ಕಾರ್ಖಾನೆಯ ಸೈರನ್ ಕೂಗಿದೊಡನೆ ಕಣ್ಣು ಮುಚ್ಚಿಕೊಂಡೇ ಎದ್ದು ಕೂತು ಬಲಗೈ ಚಾಚುತ್ತಿದ್ದ. ಜಗದಾಂಬಾ ಆ ಕೈಗೆ ಬುತ್ತಿಯ ಕ್ಯಾರಿಯರ್ ಕೊಡುತ್ತಿದ್ದಳು. ಮದುವೆಯಾದಾಗಿನಿಂದ ಲೋಪವಿಲ್ಲದೆ ನಡೆದು ಬಂದ ಪೂಜಾವಿಧಿ ಇದು.

ನಾಟಕ ಭಾನುವಾರ ಬೆಳಗ್ಗೆ, ನ್ಯೂ ಟೌನಿನಲ್ಲಿ. ಮುಖ್ಯ ಅತಿಥಿಗಳ ಭಾಷಣ ಮುಗಿದು ಪರದೆ ಎದ್ದಾಗ ಹನ್ನೆರಡರ ಹತ್ತಿರ. ಏಕಾಂತಪ್ಪ ನರಳಿದ, ತೊದಲಿದ, ತಲೆಗೂದಲು ಕಿತ್ತುಕೊಂಡ (ವಿಗ್ಗು ಸ್ವಲ್ಪ ಕೈಗೇ ಬಂತು), ಸತ್ತ. ಶಾಲು ಹೊದೆಸಿದರು. ಸ್ಮಶಾನದ ಕ್ಯೂನಲ್ಲಿ ನಿಂತವರ ಮಾತು ಬಹಳ ಉದ್ದವಿತ್ತು. ಹಿಂದಿನ ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದ ಹೆಣಕ್ಕೆ ಜೊಂಪು ಹತ್ತಿತು.

ಕಾರ್ಖಾನೆಗೆ ಭಾನುವಾರವೆಂಬುದಿಲ್ಲ. ಸೈರನ್ ಕೂಗಿತು.

ಹೆಣ ಎದ್ದು ಕೂತಿತು. ಕಣ್ಣು ಮುಚ್ಚಿತ್ತು, ಬಲಗೈ ಚಾಚಿತ್ತು. ಮುಂದಿನ ಸಾಲಿನಲ್ಲಿದ್ದ ಜಗದಾಂಬಾ ಕೂಡಲೇ ಎದ್ದಳು. ನಾಟಕ ಮುಗಿದ ಮೇಲೆ ಉಣ್ಣಲೆಂದು ತಂದಿದ್ದ ಕ್ಯಾರಿಯರ್ ಹಿಡಿದು ಮೆಟ್ಟಿಲು ಹತ್ತಿ ಹೋಗಿ ಆ ಕೈಗೆ ಕೊಟ್ಟಳು.

"ಮೇಲಿನ ಡಬ್ಬಿಲಿ ಸಾರಿದೆ, ಓರೆ ಮಾಡ್ಬೇಡಿ."

"ಆಯ್ತು," ಎಂದಿತು ಹೆಣ.

ಚಪ್ಪಾಳೆಗೆ ಹೆಂಚು ಹಾರಿಹೋಗುವಂತಾಯಿತು. ಸತ್ತರೂ ಡ್ಯೂಟಿ ತಪ್ಪಲಿಲ್ಲವಲ್ಲ, ಮೇಷ್ಟ್ರು ಎಂಥ ಮುಕ್ತಾಯ ಬರೆದಿದ್ದಾರೆ ಎಂದು ಜನ ಹೊಗಳಿದರು. ಮೇಷ್ಟ್ರು ಇಲ್ಲವೆನ್ನಲಿಲ್ಲ.

ಏಕಾಂತಪ್ಪ ಮಾತ್ರ ಸಪ್ಪೆ ಮುಖ ಹೊತ್ತು ಮನೆಗೆ ಬಂದ. "ಸೋತೆ ಕಣೇ. ಇನ್ನು ಬಣ್ಣ ಹಚ್ಚೋದಿಲ್ಲ."

"ಯಾರು ಹೇಳಿದ್ದು? ನೀವು ಕಣ್ಣು ಮುಚ್ಚಿದಾಗ ಸೆರಗೆಲ್ಲ ಒದ್ದೆ ಆಯ್ತು. ಪಕ್ಕದಲ್ಲಿದ್ದ ಬಂಗಾರಮ್ಮನ್ನ ಕೇಳಿ."

"ನಾನು ನೋಡ್ಲೇ ಇಲ್ವಲ್ಲೇ."

"ಹೇಗೆ ನೋಡ್ತೀರಿ? ನಿಮ್ಮ ಗೊರಕೆ ಕೇಳಿದ ಮೇಲೇ ನನಗೆ ಸಮಾಧಾನ ಆಗಿದ್ದು."

ಶಪಥ ಗೆದ್ದರೂ ಏಕಾಂತಪ್ಪನಿಗೆ ದುಃಖ ತಡೆಯಲಾಗಲಿಲ್ಲ. ಇಷ್ಟು ವರ್ಷಕ್ಕೆ ತನಗಾಗಿ ಹರಿದ ಕಣ್ಣೀರನ್ನು ನಿದ್ದೆಯಲ್ಲಿ ಕಳೆದುಕೊಂಡಿದ್ದ. ಮುಂದಿನ ತಿಂಗಳು ಶಿವಮೊಗ್ಗದಲ್ಲಿ ಅದೇ ನಾಟಕ, ಅದೇ ಮುಕ್ತಾಯ. ಈ ಸಲ ಎಚ್ಚರವಾಗಿದ್ದು ನೋಡಿಯೇ ತೀರಬೇಕೆಂದು ಶಾಲಿಗೆ ಒಂದು ತೂತು ಮಾಡಿಕೊಂಡ.

ಗಾಂಧಿ ಬಜಾರಿನ ಹತ್ತಿರದ ಹಾಲ್ ತುಂಬಿತ್ತು. ಏಕಾಂತಪ್ಪ ಅಚ್ಚುಕಟ್ಟಾಗಿ ಸತ್ತು ತೂತಿಗೆ ಕಣ್ಣಿಟ್ಟ. ಭದ್ರಾವತಿಯಿಂದ ಜೊತೆಗೆ ಬಂದಿದ್ದ ಬಂಗಾರಮ್ಮ ಅಳುತ್ತಿದ್ದಳು. ಅಡಿಕೆ ಮಂಡಿಯ ಸಾಹುಕಾರರೊಬ್ಬರು ಮೂಗೊರೆಸಿಕೊಳ್ಳುತ್ತಿದ್ದರು. ಜಗದಾಂಬಾಳ ಕುರ್ಚಿ ಖಾಲಿಯಿತ್ತು.

ಪರದೆಯ ಹಿಂದೆ ಮೇಷ್ಟ್ರು ಶಂಖ ಊದಿ ಸೈರನ್ ಮಾಡಿದರು. ಹೆಣ ಎದ್ದು ಕೈ ಚಾಚಿತು. ಸೈಡ್‌ವಿಂಗಿನಿಂದ ಜಗದಾಂಬಾ ಬಂದಳು: ಕೆನ್ನೆಗೆ ರೋಸು, ತುಟಿಗೆ ಕೆಂಪು, ಮುಡಿ ತುಂಬ ಕನಕಾಂಬರ. ಅವಳು ಕಾಣಿಸಿದ್ದೇ ತಡ, ಚಪ್ಪಾಳೆ.

"ಕಣ್ಣೀರು ಬಂತೇನೇ?" ಎಂದು ಹೆಣ ಪಿಸುಗುಟ್ಟಿತು.

"ಅಳೋ ಹಾಗಿಲ್ಲ ಕಣ್ರೀ," ಎಂದಳು ಅವಳು ಕ್ಯಾರಿಯರ್ ಕೊಡುತ್ತಾ. "ಬಣ್ಣ ಕರಗುತ್ತೆ ಅಂತ ಮೇಷ್ಟ್ರು ಹೇಳಿದಾರೆ."