ಊದುಬತ್ತಿ ಹಚ್ಚಿ ಮಾಡಿದ ಪಂಕ್ ಆಲ್ಬಮ್

ಚೆಂಬೂರಿನಲ್ಲಿ ಒಂದು ಉಡುಪಿ ಹೋಟೆಲಿನ ಹಿಂದುಗಡೆ ನನ್ನ ರೆಕಾರ್ಡಿಂಗ್ ಸ್ಟುಡಿಯೋ. ಭಜನೆ, ಮದುವೆ ಹಾಡು, ಹಪ್ಪಳದ ಜಾಹೀರಾತು, ಇಷ್ಟೇ ನನ್ನ ವ್ಯಾಪಾರ. ಆದರೂ ಲೋಕದಲ್ಲಿಲ್ಲದ ಗಿರಾಕಿಗಳು ನನ್ನ ಬಾಗಿಲನ್ನೇ ಹುಡುಕಿಕೊಂಡು ಬರುತ್ತಾರೆ. ನನ್ನ ಹಣೆಬರಹ, ಇನ್ನೇನು!

ಅವಸರದ ಗಿರಾಕಿ

ಒಂದು ಮಧ್ಯಾಹ್ನ ಮೂವರು ಬಂದರು. ಒಬ್ಬ ಗಿಟಾರಿನವ, ಒಬ್ಬ ಡ್ರಮ್ಮಿನವ. ಹಾಡುವವನು ಧಾರಾವಿಯಲ್ಲಿ ಚರ್ಮದ ಬ್ಯಾಗ್ ಹೊಲಿಯುವವನು, ವಿಜಯಪುರದ ಕಡೆಯವನು.

"ಪಂಕ್ ಆಲ್ಬಮ್ ಮಾಡಬೇಕ್ರಿ ಸರ."

"ಹಾಗೆಂದರೆ ಎಂಥದು?"

"ಸಿಟ್ಟು ಬಂದಾಗ ಒದರತೀವಲ್ಲ, ಅದನ್ನ ತಾಳಕ್ಕ ಒದರೂದು."

"ಅದಕ್ಕೆ ಸ್ಟುಡಿಯೋ ಯಾಕೆ ಮಾರಾಯ? ಲೋಕಲ್ ರೈಲು ಹತ್ತುವಾಗ ಎಲ್ಲರೂ ಅದನ್ನೇ ಮಾಡುವುದು! ಮುಂದಿನ ತಿಂಗಳು ಬನ್ನಿ, ನೋಡುವ."

"ಆಗಂಗಿಲ್ರಿ. ನನಗ ಗಂಟಲ ಕ್ಯಾನ್ಸರ್. ಮುಂದಿನ ವಾರ ಆಪರೇಷನ್, ಧ್ವನಿಪೆಟ್ಟಿಗೀನ ತಗೀತಾರ. ಆಮ್ಯಾಲೆ ನಿಮಗ ಬರೇ ಡ್ರಮ್ ಸಿಗತೈತಿ."

ಮುಂದಿನ ತಿಂಗಳ ಮಾತನ್ನು ಅಲ್ಲಿಗೇ ಬಿಟ್ಟೆ. "ಹಾಡುವುದು ಡಾಕ್ಟರಿಗೆ ಗೊತ್ತುಂಟಾ?" ಎಂದೆ.

"ಗೊತ್ತೈತ್ರಿ. ಬೈದಾರ. ಆ ಬೈಗಳದ್ದೂ ಒಂದು ಹಾಡು ಮಾಡೀನಿ."

ಮೈಕಿಗೆ ಪೂಜೆ

ಅವನದೊಂದೇ ಷರತ್ತು. ಮೂವರೂ ಒಂದೇ ಕೋಣೆಯಲ್ಲಿ ಒಟ್ಟಿಗೆ ಬಾರಿಸುವುದು, ಬಂದದ್ದು ಬಂದ ಹಾಗೆ ಇಡುವುದು. ರಿಟೇಕ್ ಇಲ್ಲ. "ಉಳದದ್ದ ಇಷ್ಟ ದನಿ. ಎರಡೆರಡ ಸಲ ಖರ್ಚು ಮಾಡಾಕ ಆಗಂಗಿಲ್ಲ" ಅಂದ.

ನನ್ನದೂ ಒಂದು ಪದ್ಧತಿ ಉಂಟು. ಮೊದಲ ಹಾಡಿಗೆ ಮುಂಚೆ ಮೈಕಿಗೆ ಊದುಬತ್ತಿ ಬೆಳಗದೆ ನಾನು ಸ್ವಿಚ್ ಮುಟ್ಟುವವನಲ್ಲ. ಅವತ್ತು ಇವನ ಆಪರೇಷನ್ ಚೆನ್ನಾಗಿ ಆಗಲಿ ದೇವರೇ ಎಂದು ಒಂದರ ಬದಲು ಇಡೀ ಕಟ್ಟನ್ನೇ ಹಚ್ಚಿದೆ. ಕಿಟಕಿಯಿಲ್ಲದ ಕೋಣೆ, ಗಂಟಲ ಕ್ಯಾನ್ಸರಿನ ಮನುಷ್ಯ! ನನ್ನ ಬುದ್ಧಿಗಿಷ್ಟು ಮಣ್ಣು ಹಾಕ.

ರೆಕಾರ್ಡಿಂಗ್ ಒತ್ತಿದ್ದೇ ತಡ, ಅವನಿಗೆ ಕೆಮ್ಮು ಶುರುವಾಯಿತು. ಮೈಕಿನ ಸ್ಟ್ಯಾಂಡ್ ಹಿಡಿದು, ಬಗ್ಗಿ, ಕರುಳು ಬಾಯಿಗೆ ಬರುವ ಹಾಗೆ ಕೆಮ್ಮಿದ. ಕೆಮ್ಮುತ್ತ ಕೆಮ್ಮುತ್ತಲೇ ಹಾಡು ಎತ್ತಿಕೊಂಡುಬಿಟ್ಟ.

ಮುಗಿದ ಮೇಲೆ ಕೈಮುಗಿದೆ. "ತಪ್ಪಾಯಿತು ಮಾರಾಯ, ಇದೊಂದನ್ನು ಪುನಃ ತೆಗೆಯುವ."

"ರಿಟೇಕ್ ಬ್ಯಾಡ್ರಿ" ಅಂದ. "ಆಪರೇಷನ್ ದಿನ ಮಾತ್ರ ನೀವು ದವಾಖಾನಿ ಕಡೆ ಬರಬ್ಯಾಡ್ರಿ."

ದೋಸೆಹಿಟ್ಟು

ಎರಡನೇ ಹಾಡಿನ ನಡುವೆ ಹೋಟೆಲಿನವರು ಹಿಟ್ಟಿಗೆ ಗ್ರೈಂಡರ್ ಹಾಕಿದರು. ಗೋಡೆಯೆಲ್ಲ ಗುರ್ರ್ ಎಂದಿತು. ಭಜನಾ ಮಂಡಳಿಯವರಾಗಿದ್ದರೆ ನನ್ನನ್ನೇ ರುಬ್ಬುತ್ತಿದ್ದರು. ಓಡಿಹೋಗಿ ನಿಲ್ಲಿಸಿ ಬಂದೆ. ಹಾಡು ಮುಗಿಸಿ ಇವನು ನನ್ನ ಮೇಲೆ ಹರಿಹಾಯ್ದ. "ಯಾಕ ಬಂದ್ ಮಾಡಿಸಿದ್ರಿ? ಎಷ್ಟ ಚಲೋ ಬರಾಕತ್ತಿತ್ತು!"

ಪುನಃ ಹೋಟೆಲಿಗೆ ಹೋಗಿ, "ಶೆಟ್ರೇ, ಸ್ವಲ್ಪ ಗ್ರೈಂಡರ್ ಹಾಕಿ, ಸಂಜೆಯವರೆಗೆ ನಿಲ್ಲಿಸಬೇಡಿ" ಎಂದೆ.

"ನಿಮಗೆ ತಲೆ ಸರಿ ಉಂಟಾ?" ಎನ್ನುತ್ತಲೇ ಹಾಕಿದರು. ಮರುದಿನ ಆ ಹೋಟೆಲಿನಲ್ಲಿ ಊಟ ಕೇಳಿದವರಿಗೂ ದೋಸೆಯೇ.

ಆ ಕೆಮ್ಮು

ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಉಸಿರಾಡಲು ಕತ್ತಿನಲ್ಲಿ ಒಂದು ತೂತು. ಡಾಕ್ಟರು ಒಳಗೆ ಏನೋ ಚಿಕ್ಕ ಸಾಧನ ಕೂರಿಸಿ, ತೂತನ್ನು ಬೆರಳಿನಿಂದ ಮುಚ್ಚಿ ಮಾತಾಡು ಎಂದಿದ್ದರು. ತಿಂಗಳುಗಟ್ಟಲೆ ಒದ್ದಾಡಿದರೂ ಒಂದು ಅಕ್ಷರವೂ ಬರಲಿಲ್ಲ. ಆಗಾಗ ಬಂದು ಸ್ಟುಡಿಯೋದ ಮೂಲೆಯಲ್ಲಿ ಸುಮ್ಮನೆ ಕೂರುತ್ತಿದ್ದ. ನೋಡಲಾಗುತ್ತಿರಲಿಲ್ಲ ನನಗೆ.

ಆಲ್ಬಮ್ ಮಾತ್ರ ಫೋನಿನಿಂದ ಫೋನಿಗೆ ಹಾರಿ ಊರೆಲ್ಲ ಸುತ್ತಿತು. ಹೊಸ ಬ್ಯಾಂಡಿನವರೆಲ್ಲ ನನ್ನಲ್ಲಿಗೇ ಬರತೊಡಗಿದರು. ವಿಲೆ ಪಾರ್ಲೆಯ ಕಾಲೇಜಿನ ಒಬ್ಬ ಬಂದ, ಜಿಮ್ಮಿನಲ್ಲಿ ಬೆಳೆಸಿದ ಎದೆಯವನು. ಮೂಲೆಯಲ್ಲಿ ಕೂತವನು ಯಾರೆಂದು ಅವನಿಗೆ ಗೊತ್ತಿಲ್ಲ.

"ಅಂಕಲ್, ಗ್ರೈಂಡರ್ ಚಾಲೂ ಕರೋ ನಾ. ಔರ್ ಶುರೂ ಮೇ ವಹೀ ಖಾಂಸಿ ಚಾಹಿಯೇ, ಸೇಮ್ ಟು ಸೇಮ್."

ಆ ಗ್ರೈಂಡರೂ ಬೇಕು, ಆ ಕೆಮ್ಮೂ ಬೇಕು ಎಂದವನೇ ಮೈಕಿನ ಮುಂದೆ ನಿಂತು, ಬೀಗರ ಮನೆಗೆ ಬಂದ ಮಾವನಂತೆ ಮೆಲ್ಲಗೆ "ಎಹ್ಹೆಂ, ಎಹ್ಹೆಂ" ಎಂದ. ನನಗೆ ಮೈಯೆಲ್ಲ ಉರಿಯಿತು. ಬೈಯಲು ಬಾಯಿ ತೆರೆದೆ.

ಅಷ್ಟರಲ್ಲಿ ಮೂಲೆಯಿಂದ ಇವನು ಎದ್ದು ಬಂದ. ಬೆರಳನ್ನು ಕತ್ತಿನ ತೂತಿಗೆ ಒತ್ತಿದ. ಮುಖ ಕೆಂಪೇರಿತು, ಒಳಗಿನಿಂದ ಗ್ರೈಂಡರ್ ತಿರುಗಿದಂಥ ಸದ್ದು ಎದ್ದಿತು.

"ರಿ... ಟೇಕ್!"

ನಾನು ಅಳುತ್ತ, ನಗುತ್ತ, ದೇವರಿಗೆಂದು ಊದುಬತ್ತಿಯ ಕಟ್ಟಿಗೆ ಕೈಹಾಕಿದೆ. ಅವನು ಬೆಂಕಿಪೊಟ್ಟಣ ಕಸಿದುಕೊಂಡು ಕಿಸೆಗೆ ಹಾಕಿಕೊಂಡ.