ಬೋರಲು ದೋಣಿಯೊಳಗಿನ ಸದ್ದು

ದೂಧಗಂಗಾ ನದಿಯ ಮೇಲೆ ಸ್ವಂತ ದೋಣಿಯಲ್ಲಿ ಹಾಯಿ ಬಿಚ್ಚಿ ತೇಲುವ ಮೊದಲ ಸದಲಗಾದವನು ನಾನೇ ಎಂದು ಶಾಲೆಯ ಸ್ಟಾಫ್ ರೂಮಿನಲ್ಲಿ ಎದೆ ತಟ್ಟಿ ಹೇಳಿಬಿಟ್ಟೆ! ಮೊಬೈಲಿನಲ್ಲಿ ಹನ್ನೊಂದು ವಿಡಿಯೋ ನೋಡಿದ್ದೆ. ಮೂವತ್ತು ವರ್ಷದ ಪ್ರಾಯದಲ್ಲೇ ಊರಿಗೆ ಗಣಿತ ಕಲಿಸಿದ ಮಹಾಪುರುಷನಿಗೆ ಹತ್ತಡಿಯ ಮರದ ದೋಣಿ ಯಾವ ದೊಡ್ಡ ಮಾತು?

"ಒಂದ ಸ್ಟೂಲಿನ ಕಾಲ ನೆಟ್ಟಗ ಕೂಡಸಾಕ ಬರೂದಿಲ್ಲ ನಿಮಗ," ಎಂದಳು ಹೆಂಡತಿ ಉಜ್ವಲಾ. "ದೋಣಿ ಕಟ್ತಾರಂತ, ದೋಣಿ!"

"ನೋಡ್ತಿರು! ನಿನ್ನ ಕೂಡಿಸಿಕೊಂಡ ಆಚಿ ದಂಡಿಗೆ ಹೋಗಿ ಬರಲಿಲ್ಲಂದ್ರ ನನ್ನ ಹೆಸರ ಭರತ ಅಲ್ಲ!"

ಹಲಗೆಗಳು ನಿಪ್ಪಾಣಿಯಿಂದ ಬಂದವು. ಅಲ್ಲಿ ಹಳೆಯ ತಂಬಾಕಿನ ಗೋದಾಮೊಂದನ್ನು, ನಮ್ಮ ಕಡೆಯ ಮಾತಿನಲ್ಲಿ ವಖಾರವನ್ನು, ಕೆಡವುತ್ತಿದ್ದರು. ಅರವತ್ತು ವರ್ಷ ತಂಬಾಕಿನ ಮೂಟೆಗಳನ್ನು ಹೊತ್ತ ಸಾಗವಾನಿ! ಹಲಗೆಯ ಒಂದೊಂದು ಸೀಳಿನಲ್ಲೂ ತಂಬಾಕಿನ ಪುಡಿ ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು. ಉಳಿದ ಊರಿನವರು ಸೀಳಿಗೆ ಹತ್ತಿ, ರಾಳ ತುಂಬುತ್ತಾರೆ. ನಮ್ಮ ಕಡೆ ದೇವರೇ ತುಂಬಿಸಿ ಕೊಟ್ಟಿರುವಾಗ ಕೆದರಿ ತೆಗೆಯುವುದೇಕೆ? ಹೊರಗಿನಿಂದ ಎಣ್ಣೆ ಬಳಿದು ಹಾಗೆಯೇ ಬಿಟ್ಟೆ.

ಪಡಸಾಲೆಯಲ್ಲೇ ಕಟ್ಟಿದೆ. ಬಾಗಿಲಿನ ಅಳತೆ ಮೊದಲೇ ಹಿಡಿದಿದ್ದೆ. ಅಂಥ ದಡ್ಡ ನಾನಲ್ಲ. ಒಣಗಲೆಂದು ಎರಡು ಬೆಂಚಿನ ಮೇಲೆ ದೋಣಿಯನ್ನು ಬೋರಲು ಹಾಕಿ, ಹಾಯಿಗೆಂದು ಇಟ್ಟಿದ್ದ ನನ್ನ ಮದುವೆಯ ಬಿಳಿ ದೋತರವನ್ನು ಅದರ ಮೇಲೆ ನೆಲಕ್ಕೆ ಇಳಿಯುವಂತೆ ಹೊದಿಸಿದೆ. ಬಾಗಿಲಲ್ಲಿ ನಿಂತು ನೋಡಿದರೆ ಉದ್ದಕ್ಕೆ ಮಲಗಿದ ಏನನ್ನೋ ಬಟ್ಟೆ ಹೊದಿಸಿ ಇಟ್ಟಂತಿತ್ತು. ನನಗೇ ಅದು ಸರಿ ಕಾಣಲಿಲ್ಲ.

ಮೂರನೆಯ ದಿನ ಮಟಮಟ ಮಧ್ಯಾಹ್ನ ಶಾಲೆಗೆ ಉಜ್ವಲಾಳ ಫೋನು.

"ರೀ, ಪಡಸಾಲ್ಯಾಗ ಯಾರೋ ಉಗರಲೆ ಕೆರ್ಯಾಕತ್ತಾರ."

"ಇಲಿ ಇರಬೇಕ ಬಿಡ."

"ಇಲಿ ಉಸ್ಸಪ್ಪಾ ಅಂತೈತೇನ್ರಿ?"

ನನ್ನ ಕೈಯಲ್ಲಿದ್ದ ಚಾಕ್‌ಪೀಸು ಮುರಿಯಿತು. ಸಂಜೆ ಬಂದು ದೋಣಿಯ ಒಳಗೆ ಟಾರ್ಚ್ ಬಿಟ್ಟೆ. ಹಲಗೆಯ ಮೇಲೆ ಗೀರುಗಳು! ಬೆರಳಿನಷ್ಟು ಉದ್ದ, ಹೊಸದಾಗಿ ಎಳೆದವು. ಮರುದಿನ ಎರಡು ಹೆಚ್ಚಾದವು. ಅದರ ಮರುದಿನ ಉಜ್ವಲಾ ಧೈರ್ಯ ಮಾಡಿ ಇಣುಕಿದಾಗ, ಕಿಟಕಿ ಬಾಗಿಲು ಎಲ್ಲ ಮುಚ್ಚಿದ್ದರೂ ದೋತರ ಮೆಲ್ಲಗೆ ಉಬ್ಬಿ ಮೆಲ್ಲಗೆ ಇಳಿಯುತ್ತಿತ್ತಂತೆ. ಅಡುಗೆಮನೆಯ ಒಲೆ ತಣ್ಣಗಿದ್ದರೂ ಮನೆಯ ತುಂಬ ತಂಬಾಕು ಸುಟ್ಟ ವಾಸನೆ.

ಓಣಿಯ ಹಿರಿಯಳು ತಾರವ್ವ ಬಂದು, ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ತೀರ್ಪು ಕೊಟ್ಟಳು.

"ಆ ವಖಾರದಾಗ ತಂಬಾಕ ಆರಿಸಾಕಿ ಒಬ್ಬಾಕಿ ಇದ್ದಳವಾ. ಮಧ್ಯಾಹ್ನ ಕುಂತಲ್ಲೇ ಜೀವಾ ಹೋತು. ಆಕಿ ಇನ್ನೂ ಆರ್ಸಾಕತ್ತಾಳ. ಮಧ್ಯಾಹ್ನದಾಗ ಆ ಕಡೆ ಹಣಿಕಿ ಹಾಕಬ್ಯಾಡ್ರಿ. ಹಣಿಕಿ ಹಾಕಿದವರ ಹೆಸರ ಹಿಡದ ಕರೀತಾಳ."

ಉಜ್ವಲಾ ನನ್ನತ್ತ ತಿರುಗಿದಳು. "ಐತವಾರದೊಳಗ ಈ ದೋಣಿ ನೀರಿಗಿಳೀಬೇಕು. ಇಲ್ಲಂದ್ರ ನಾ ಪಾಲಬಾವಿಗೆ ಹೊಂಟೆ. ದೆವ್ವದ ಕೂಡ ನೀವ ಸಂಸಾರ ಮಾಡ್ರಿ!"

ಅವಳ ತವರು ಪಾಲಬಾವಿ. ಒಮ್ಮೆ ಹೋದರೆ ಮೂರು ತಿಂಗಳು ನನಗೆ ನನ್ನದೇ ಕೈಯ ರೊಟ್ಟಿ! ಮನೆಯಲ್ಲಿ ಹೆದರದೆ ಇದ್ದವಳು ನನ್ನವ್ವ ಕೆಂಪವ್ವ ಒಬ್ಬಳೇ. "ಇರಲಿ ಬಿಡ್ರೋ, ಪಾಪ, ಅದೇನ ಮಾಡ್ತೈತಿ? ದೋಣಿ ಇನ್ನೊಂದ ತಿಂಗಳ ಒಣಗಲಿ," ಎಂದಳು. ಎರಡು ತಿಂಗಳಿಂದ ಅವಳ ಮೊಗದಲ್ಲಿ ಕಳೆಯೇ ಇರಲಿಲ್ಲ. ಹುರಿದು ಕಪ್ಪಾಗಿಸಿದ ತಂಬಾಕಿನ ಪುಡಿ, ಅಂದರೆ ಮಶೇರಿಯಿಂದ ನಲವತ್ತು ವರ್ಷ ಹಲ್ಲು ತಿಕ್ಕಿದವಳು. ಬಾಯಿ ಹುಣ್ಣಾಗಿ ಡಾಕ್ಟರು ಬಿಡಿಸಿದ್ದರು. ಓಣಿಯ ಅಂಗಡಿಯವನಿಗೂ ಉಜ್ವಲಾ ತಾಕೀತು ಮಾಡಿ ಬಂದಿದ್ದಳು.

ಶನಿವಾರ ಬೆಳಗಿನ ಶಾಲೆ. ಮಧ್ಯಾಹ್ನ ಬಂದವನು ಪಡಸಾಲೆಯಲ್ಲಿ ದೋಣಿಯ ಪಕ್ಕದಲ್ಲೇ ಕೈಯಲ್ಲಿ ಸುತ್ತಿಗೆ ಹಿಡಿದು ಕೂತೆ. ಉಜ್ವಲಾ ಒಳಗೆ ಮಲಗಿದ್ದಳು. ಓಣಿಯಲ್ಲಿ ನಾಯಿಯ ಸದ್ದೂ ಇಲ್ಲ.

ಕರ್... ಕರ್... ಕರ್...

ದೋತರ ಉಬ್ಬಿತು, ಇಳಿಯಿತು. ಒಳಗೆ ಯಾರೋ ಚಪ್ಪರಿಸಿದರು. ಆಮೇಲೆ ದೋತರದ ಅಂಚಿನಡಿಯಿಂದ ಒಂದು ಬೆರಳು ಹೊರಬಂತು. ಸುಕ್ಕುಗಟ್ಟಿದ, ತುದಿಯಿಂದ ಎರಡು ಗೆಣ್ಣು ಕಪ್ಪಾದ ಬೆರಳು! ಅದು ನೆಲವನ್ನು ತಡವುತ್ತ, ತಡವುತ್ತ, ನನ್ನ ಪಾದದ ಕಡೆಗೇ ಬಂತು. ಸುತ್ತಿಗೆಯನ್ನು ಎದೆಗೆ ಅವುಚಿಕೊಂಡೆ. ಬೆರಳು ನನ್ನ ಹೆಬ್ಬೆರಳನ್ನು ಮುಟ್ಟಿತು.

"ಭರತ್ಯಾ," ಎಂದಿತು ದೋಣಿ.

ಹೆಸರು ಹಿಡಿದು ಕರೆಯಿತು! ನನ್ನ ಗಂಟಲಿನಿಂದ ಆಡಿನ ಮರಿಯ ಸ್ವರ ಹೊರಟಿತು.

"ಒದರಬ್ಯಾಡ ಮೂಳಾ, ಸೊಸಿ ಏಳ್ತಾಳ! ಕಾಲ ಸರಸ, ಡಬ್ಬಿ ಮುಚ್ಚಳ ತುಳದ ಕುಂತಿ."

ದೋತರ ಸರಿಯಿತು. ಅವ್ವ! ಒಂದು ಕೈಯಲ್ಲಿ ಚಾಕು, ಇನ್ನೊಂದರಲ್ಲಿ ಡಬ್ಬಿ, ಬಾಯಿ ತುಂಬ ಕಪ್ಪು ಹಲ್ಲು. ಸೀಳಿನ ತಂಬಾಕು ಕೆದರಿ ತೆಗೆದು, ಹಿತ್ತಲಿನಲ್ಲಿ ಹಂಚಿನ ಮೇಲೆ ಹುರಿದು, ಈ ಡೇರೆಯೊಳಗೆ ಕೂತು ತಿಕ್ಕಿಕೊಳ್ಳುತ್ತಿದ್ದಳು.

"ಸೊಸಿ ಮುಂದ ಹೇಳಬ್ಯಾಡೋ, ನಿನ್ನ ಕೈ ಮುಗೀತೀನಿ. ಈ ನಾಕ ಸೀಳ ಅಷ್ಟ ಕೆದರೀನಿ. ನಿನ್ನಾಣೆ! ಉಳದದ್ದೆಲ್ಲಾ ಹಾಂಗ ಐತಿ."

ಸಿಟ್ಟೂ ಬಂತು, ಕನಿಕರವೂ ಬಂತು. ಡಬ್ಬಿ ಕಸಿದುಕೊಂಡೆ, ಗುಟ್ಟು ಇಟ್ಟುಕೊಂಡೆ. ಆ ನಾಲ್ಕು ಸೀಳುಗಳಿಗೆ ರಾಳ ಕಾಯಿಸಿ ತುಂಬಿದೆ. "ದೆವ್ವನ್ನ ಓಡಿಸೀನಿ!" ಎಂದು ಉಜ್ವಲಾಳಿಗೆ ಮೀಸೆ ತಿರುವಿ ಹೇಳಿದೆ.

ಭಾನುವಾರ ಬೆಳಿಗ್ಗೆ ನದಿಯ ದಂಡೆಗೆ ಓಣಿಯ ಮುದುಕಿಯರೆಲ್ಲ ಬಂದಿದ್ದರು. ಮಾಸ್ತರನ ಮೇಲೆ ಎಷ್ಟು ಅಭಿಮಾನ ಎಂದುಕೊಂಡೆ. ಉಜ್ವಲಾ ಮಾತ್ರ, "ಮದಲ ನೀವೊಬ್ರ ಹೋಗಿ ಬರ್ರಿ," ಎಂದಳು. ಹಾಯಿಯಾಗಿ ಕಟ್ಟಿದ್ದ ದೋತರ ಬಿಚ್ಚಿದೆ. ಗಾಳಿ ತುಂಬಿತು, ದೋಣಿ ಹೊರಟಿತು! ಮೀನುಗಳು ಹಿಂಡು ಹಿಂಡಾಗಿ ನನ್ನ ಸುತ್ತ ಬಂದವು. ಗಂಗಮ್ಮನೇ ಮೆರವಣಿಗೆ ಕಳಿಸಿದ್ದಾಳೆಂದು ಕೈ ಬೀಸಿದೆ.

ಆಗ ಹಲಗೆಯಿಂದ ಬಿಳಿಯದೇನೋ ಕಿತ್ತು ತೇಲಿತು. ಮೀನೊಂದು ಗಬಕ್ಕನೆ ನುಂಗಿತು. ಇನ್ನೊಂದು ಉಂಡೆ ಕೈಗೆ ಸಿಕ್ಕಿತು. ನಾದಿದ ಗೋಧಿ ಹಿಟ್ಟು! ಅವ್ವ ನಾಲ್ಕಲ್ಲ, ದೋಣಿಯ ಒಂದು ಬದಿಯ ಎಲ್ಲ ಸೀಳುಗಳನ್ನೂ ಕೆದರಿ, ಮೇಲೆ ಚಪಾತಿಯ ಹಿಟ್ಟು ಮೆತ್ತಿ ಮಸಿ ಸವರಿದ್ದಳು. ಇಪ್ಪತ್ತು ಕಡೆಯಿಂದ ದೂಧಗಂಗೆ ಒಳಗೆ ಬಂದಳು. ಮೊಣಕಾಲು, ಸೊಂಟ, ಎದೆ!

"ಹಿಡೀರ್ಯೋ!" ಎಂದು ಚೀರಿದೆ.

ತಾರವ್ವ ಸೀರೆ ಎತ್ತಿಕಟ್ಟಿ ನೀರಿಗಿಳಿದಳು. ಹಿಂದೆ ಆರು ಜನ ಮುದುಕಿಯರು, ಏದುಸಿರಿನಲ್ಲಿ ಬಾಯಿ ತೆರೆದು. ಏಳೂ ಬಾಯಿಗಳು ಅವ್ವನ ಬಾಯಿಯಷ್ಟೇ ಕಪ್ಪು. ದಂಡೆಯಲ್ಲಿ ಉಜ್ವಲಾ ಬೆರಳು ಮಡಚಿ ಎಣಿಸತೊಡಗಿದ್ದಳು. ನಾನು ಕೈ ಚಾಚಿದೆ. ತಾರವ್ವ ನನ್ನ ಕೈಯನ್ನು ದಾಟಿ ಮುಂದೆ ಹೋದಳು.

ದಂಡೆಯಿಂದ ಹೆತ್ತ ತಾಯಿಯ ಆರ್ತನಾದ ಕೇಳಿಸಿತು:

"ಅಂವನ್ನ ಬಿಡ್ರೇ, ಅಂವಗ ಈಸ ಬರ್ತೈತಿ! ಹಲಗಿ ಹಿಡೀರಿ, ಹಲಗಿ! ಇನ್ನೊಂದ ಬಾಜೂ ಕೆದರೂದ ಉಳದೈತಿ!"